ಜೋಳದ ಖೋಲಿಗೊಂದು ಕಿಟಕಿ

ಮನೆಯ ನಕ್ಷೆ ಬರೆಯುವ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು ಕೂತು, "ನಿಮ್ಮ ಕಾಲದಾಗ ಹ್ಯಾಂಗಿತ್ತ್ರಿ?" ಎಂದು ಕೇಳುತ್ತಾರೆ. ಅವರ ಮುಖದಲ್ಲಿ ನಾನೇನೋ ಕೋಟೆ ಕೊತ್ತಲ ಎಬ್ಬಿಸಿದವಳು ಎಂಬಂಥ ಗೌರವ ಇರುತ್ತದೆ. ಆ ಗೌರವ ಕೆಡಿಸಲೆಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಕಟ್ಟಿದ್ದು ಏನೂ ಇಲ್ಲ. ಜೀವಮಾನವಿಡೀ ಗೆರೆ ಎಳೆದೆ. ಎಳೆದ ಗೆರೆಗಳಲ್ಲಿ ಅರ್ಧದಷ್ಟನ್ನು ನಾನೇ ಬ್ಲೇಡಿನಿಂದ ಕೆರೆದು ತೆಗೆದೆ. ಬಡ್ತಿಯ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ: ಮೊದಲು ಸ್ಟೂಲಿನ ಮೇಲೆ ಕೂಡುತ್ತಿದ್ದೆ, ಆಮೇಲೆ ಬೆನ್ನಿರುವ ಕುರ್ಚಿ ಬಂತು.

ನಮ್ಮೂರು ಬಸವನ ಬಾಗೇವಾಡಿ. ಅಪ್ಪನದು ಸೈಕಲ್ ಅಂಗಡಿ. ಜಿಲ್ಲಾ ಊರಿನಲ್ಲಿ ನಕ್ಷೆ ಬರೆಯುವ ತರಬೇತಿ ಇದೆ ಎಂದು ಯಾರೋ ಹೇಳಿದ್ದನ್ನು ನಂಬಿ ಅಪ್ಪ ನನ್ನನ್ನು ಅಲ್ಲಿಗೆ ಸೇರಿಸಿದ. ಅದು ಎಪ್ಪತ್ತರ ದಶಕದ ಆರಂಭ. ತರಗತಿಯಲ್ಲಿ ಹೆಣ್ಣುಮಗಳು ನಾನೊಬ್ಬಳೇ. ಮುಗಿಸಿ ಬಂದು ಸರಕಾರಿ ಕೆಲಸದ ಸಂದರ್ಶನಕ್ಕೆ ಹೋದಾಗ ಅಲ್ಲಿದ್ದ ಅಧಿಕಾರಿ, "ಸೈಟಿನ್ಯಾಗ ಏಣಿ ಹತ್ತಬೇಕಾಗ್ತೈತಿ. ಸೀರಿ ಉಟ್ಟು ಹ್ಯಾಂಗ ಹತ್ತತೀ?" ಎಂದು ಕೇಳಿದ. "ನಮ್ಮ ಮಾಳಿಗಿ ಮ್ಯಾಲ ಇಷ್ಟು ವರ್ಷ ಶಾಂಡಿಗಿ ಹಾಕಾಕ ನೀವು ಹತ್ತಿದ್ರೇನ್ರಿ?" ಎಂದೆ. ಕೆಲಸ ಸಿಗಲಿಲ್ಲ.

ಹಾಗಾಗಿ ಸಿಂದಗಿಗೆ ಬಂದೆ. ಅಲ್ಲಿ ಮೈಬೂಬಸಾಹೇಬರು ಎಂಬ ನಿವೃತ್ತ ಓವರ್ಸಿಯರ್ ಬಸ್ ನಿಲ್ದಾಣದ ಎದುರು, ಮಿರ್ಚಿ ಭಜಿಯ ಹೋಟೆಲೊಂದರ ಮೇಲಿನ ಖೋಲಿಯಲ್ಲಿ ಮನೆ ನಕ್ಷೆಯ ಆಫೀಸು ತೆರೆದಿದ್ದರು. ಅಪ್ಪನ ಅಂಗಡಿಯಲ್ಲಿ ಸೈಕಲ್ ರಿಪೇರಿ ಮಾಡಿಸಿದ ಪರಿಚಯ. "ಕೈ ಚೊಲೋ ಐತಿ, ಬಾಯಿ ಜರಾ ಉದ್ದ ಐತಿ" ಎಂದು ನನ್ನನ್ನು ಇಟ್ಟುಕೊಂಡರು.

ಈಗಿನವರು ಕಂಪ್ಯೂಟರಿನಲ್ಲಿ ಒಂದು ಬೆರಳು ಒತ್ತಿ ಗೋಡೆ ಮಾಯ ಮಾಡುತ್ತೀರಿ. ನಮಗೆ ಪಾರದರ್ಶಕ ಹಾಳೆ, ಶಾಯಿ, ಅರ್ಧ ಬ್ಲೇಡು. ಗೋಡೆ ತಪ್ಪಾದರೆ ಹಾಳೆ ಹರಿಯದಂತೆ ಕೆರೆದು, ಉಗುರಿನಿಂದ ಉಜ್ಜಿ ನಯ ಮಾಡಿ, ಮತ್ತೆ ಎಳೆಯಬೇಕು. ಪ್ರತಿ ಬೇಕೆಂದರೆ ಹಾಳೆಯನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ಮಾಳಿಗೆಯ ಬಿಸಿಲಿಗೆ ಹಿಡಿದು, ನಂತರ ಪೆಟ್ಟಿಗೆಯಲ್ಲಿ ಅಮೋನಿಯಾ ಹೊಗೆ ಕುಡಿಸಬೇಕು. ಆ ಪೆಟ್ಟಿಗೆ ತೆರೆದರೆ ಸತ್ತವರ ಕಣ್ಣಲ್ಲೂ ನೀರು ಬರುತ್ತಿತ್ತು. ಪ್ರತಿ ಮಾಡಿ ಕಣ್ಣೊರೆಸುತ್ತಾ ಕೆಳಗಿಳಿದ ನನ್ನನ್ನು ನೋಡಿ ಹೋಟೆಲಿನ ಗಿರಾಕಿಗಳು, ಈ ಮುದುಕ ಹುಡುಗಿಯನ್ನು ದಿನಾ ಅಳಿಸುತ್ತಾನೆ ಎಂದು ಮಾತಾಡಿಕೊಳ್ಳುತ್ತಿದ್ದರು. ಸಾಹೇಬರು ಆ ಹೋಟೆಲಿನಲ್ಲಿ ಚಹಾ ಕುಡಿಯುವುದನ್ನೇ ಬಿಟ್ಟರು.

ಸಾಹೇಬರಿಗೆ ಇದ್ದ ದೊಡ್ಡ ರೋಗ ಬಂಗಲೆ. ಇಡೀ ನೌಕರಿಯಲ್ಲಿ ಅವರು ಕಟ್ಟಿಸಿದ್ದು ರಸ್ತೆ, ಹಳ್ಳದ ಸೇತುವೆ, ಮತ್ತು ಮೇಲಧಿಕಾರಿಗಳು ಬಂದು ಇಳಿಯುವ ಒಂದು ಪ್ರವಾಸಿ ಬಂಗಲೆ. ಅದೇ ಅವರ ತಾಜಮಹಲು. ಯಾರೇ ಮನೆ ಬೇಕೆಂದು ಬಂದರೂ ಆ ಬಂಗಲೆಯನ್ನೇ ಸ್ವಲ್ಪ ಹಿಂಡಿ, ಸ್ವಲ್ಪ ಜಗ್ಗಿ ಕೊಡುತ್ತಿದ್ದರು. ಮುದ್ದೇಬಿಹಾಳದ ಒಬ್ಬ ಅಡತಿ ವ್ಯಾಪಾರಿಗೂ ಹಾಗೇ ಕೊಟ್ಟರು. ಬಂಗಲೆಯಲ್ಲಿ ಅಡಿಗೆಮನೆ ಹಿತ್ತಲ ತುದಿಗೆ ಬೇರೆಯಾಗಿತ್ತು, ಒಗ್ಗರಣೆಯ ವಾಸನೆ ಅಧಿಕಾರಿಗಳ ಮೂಗಿಗೆ ಬಡಿಯಬಾರದು ಎಂದು. ವ್ಯಾಪಾರಿಯ ಮನೆಯಲ್ಲೂ ಅಡಿಗೆಮನೆ ಹಿತ್ತಲ ತುದಿಗೇ ಹೋಯಿತು.

ಮನೆ ಮುಗಿದು ಕೆಲ ತಿಂಗಳಾದ ಮೇಲೆ ಒಂದು ಮುಂಜಾನೆ ಆ ವ್ಯಾಪಾರಿಯ ಹೆಂಡತಿ ಬುಟ್ಟಿ ಹಿಡಿದು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಬಟ್ಟೆ ಬಿಚ್ಚಿ, ರೊಟ್ಟಿಗಳನ್ನು ನೇರ ಸಾಹೇಬರ ನಕ್ಷೆ ಹಲಗೆಯ ಮೇಲಿಟ್ಟರು.

"ತಿನ್ರಿ" ಎಂದರು.

"ಏನವ್ವಾ ಇದು?"

"ನೀವು ಮಾಡಿಕೊಟ್ಟ ಮನಿ ರೊಟ್ಟಿರಿ. ಅಡಗಿಮನಿಯಿಂದ ಹೊಂಡೂಮುಂದ ಬಿಸಿ ಇರ್ತಾವ. ಉಣ್ಣೂ ಖೋಲಿ ಮುಟ್ಟೂದ್ರಾಗ ಹಿಂಗ ಆಗ್ತಾವ. ಊರ ನಾಯಿ ಎಲ್ಲಾ ದಾರಿ ಕಲ್ತಾವ್ರಿ. ನಾ ಬುಟ್ಟಿ ಹಿಡಿದು ಹೊಂಟ್ರ ಮುಂದೆರಡು, ಹಿಂದೆರಡು, ಮಂತ್ರಿಗಿ ಪೊಲೀಸರು ಹೊಂಟಂಗ."

"ಯಜಮಾನರು ನಕ್ಷಿ ನೋಡಿ ಒಪ್ಪಿದ್ರಲ್ಲವ್ವಾ?" ಎಂದರು ಸಾಹೇಬರು.

"ಯಜಮಾನರು ರೊಟ್ಟಿ ಹೊರತಾರೇನ್ರಿ?"

ಸಾಹೇಬರು ಒಂದು ರೊಟ್ಟಿ ಮುರಿದರು. ಆ ಸದ್ದಿಗೆ ನನಗೆ ನಗು ತಡೆಯಲಾಗಲಿಲ್ಲ. ಆ ಮನೆಗೂ ಅಡಿಗೆಮನೆಗೂ ನಡುವೆ ಮಾಡು ಇಳಿಸಿ ಓಣಿ ಮಾಡಿಸಿದ್ದಾಯಿತು. ಆದರೆ ಅಂದಿನಿಂದ ಸಾಹೇಬರು ಪದ್ಧತಿಯನ್ನೇ ಬದಲಿಸಿದರು. "ಇನ್ನ ಮ್ಯಾಲ ನೀನೂ ಬಾ. ನಾ ಕಟ್ಟಿ ಮ್ಯಾಲ ಗಂಡಸರ ಕೂಡ ಕೂಡ್ತೇನಿ. ನೀ ಒಳಗ ಹೋಗಿ ಹೆಣ್ಮಕ್ಕಳ್ನ ಕೇಳಿ ಬಾ" ಎಂದರು. ಹೊರಗೆ ಗಂಡಸರು ಮನೆಯ ಉದ್ದಗಲ ಹೇಳುತ್ತಿದ್ದರು. ಒಳಗೆ ಹೆಂಗಸರು ಆ ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಹೇಳುತ್ತಿದ್ದರು. ತಂಗಡಗಿಯಲ್ಲಿ ಒಬ್ಬ ಅಜ್ಜಿ ಮಾತ್ರ ತನಗೆ ಏನೂ ಬೇಡ, ಬಸ್ಸಿನಿಂದ ಯಾರು ಇಳಿದು ಯಾರ ಮನೆಗೆ ಹೋಗುತ್ತಾರೆ ಎಂಬುದು ಮಲಗಿದಲ್ಲಿಂದ ಕಂಡರೆ ಸಾಕು ಎಂದಳು. ಆಕೆಯ ಮಂಚಕ್ಕಾಗಿ ಇಡೀ ಪಡಸಾಲೆಯನ್ನೇ ಓರೆ ಮಾಡಿದೆವು.

ಇನ್ನು ನಾನು ಹೇಳಬೇಕೆಂದಿದ್ದ ಆಲಮೇಲದ ಮನೆ.

ಆಲಮೇಲದ ಸಿದ್ರಾಮಪ್ಪ ಎಂಬವರು ಭೀಮಾ ನದಿಯ ನೀರೆತ್ತಿ ಕಬ್ಬು ಬೆಳೆಯುತ್ತಿದ್ದ ಗಟ್ಟಿ ಒಕ್ಕಲು. ಹಳೆಯ ಮನೆ ಇಕ್ಕಟ್ಟಾಗಿತ್ತು. ಊರ ತುದಿಯಲ್ಲಿ ಹೊಸ ಜಾಗ ತೆಗೆದುಕೊಂಡು, ತಮಗೆ, ಮಗ ಸೊಸೆಗೆ, ದೇವರಿಗೆ, ಬೀಗರಿಗೆ, ಎತ್ತಿಗೆ ಎಲ್ಲರಿಗೂ ಜಾಗ ಇರುವ ಮನೆ ಬೇಕೆಂದು ಸಾಹೇಬರನ್ನು ಕರೆಸಿದ್ದರು. ಜೊತೆಗೊಂದು ಕಾಳಿನ ಖೋಲಿ. ಅವರ ಜೋಳ ಮೊದಲು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಗುಂಡಿಯಲ್ಲಿ ಇರುತ್ತಿತ್ತು. ಹಿಂದಿನ ಮಳೆಗಾಲ ಅದಕ್ಕೆ ನೀರು ಬಸಿದು ಜೋಳವೆಲ್ಲ ಮುಗ್ಗಿ ಹೋಗಿತ್ತು.

ಸಾಹೇಬರು ಕಟ್ಟೆಯ ಮೇಲೆ ಕೂತರು. ನಾನು ಒಳಗೆ ಹೋದೆ. ಅಡಿಗೆಮನೆಯಲ್ಲಿ ಸಿದ್ರಾಮಪ್ಪನವರ ಹೆಂಡತಿ ಶಾಂತಾಬಾಯಿ ಹಿಟ್ಟು ಸೋಸುತ್ತಿದ್ದರು, ಮಗಳು ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ವಯಸ್ಸಿನವಳೇ. ಕೊರಳಲ್ಲಿ ತಾಳಿ ಇತ್ತು, ಆದರೆ ತವರಿಗೆ ನಾಲ್ಕು ದಿನಕ್ಕೆ ಬಂದವಳ ಹಾಗಿರಲಿಲ್ಲ. ಯಾವ ಡಬ್ಬಿ ಎಲ್ಲಿದೆ ಎಂದು ನೋಡದೆ ಕೈ ಹಾಕುತ್ತಿದ್ದಳು.

"ಏನೇನು ಬೇಕ್ರಿ ನಿಮಗ?" ಎಂದು ಕೇಳಿದೆ.

ಶಾಂತಾಬಾಯಿ ಮಿಕ್ಕಿದ್ದೆಲ್ಲ ಬಿಟ್ಟು, "ಕಾಳಿನ ಖೋಲಿಗಿ ಒಂದು ಕಿಡಕಿ ಇಡ್ರಿ" ಎಂದರು.

"ಜ್ವಾಳಕ್ಕ ಯಾಕ್ರಿ ಕಿಡಕಿ?"

"ಗಾಳಿ ಬೇಕಲ್ಲವ್ವಾ. ಗಾಳಿ ಇಲ್ಲಂದ್ರ ನುಸಿ ಹತ್ತತೈತಿ. ಗೋಡ್ಯಾಗ ಒಂದು ಗೂಡೂ ಇರಲಿ. ಗೋಡಿಗಿ ಎರಡು ಗೂಟ. ನೆಲಕ್ಕ ಕಲ್ಲ ಹಾಸಿಗಿ, ಬರೇ ಮಣ್ಣು ಬ್ಯಾಡ."

"ಜ್ವಾಳಕ್ಕ ಗೂಡು ಯಾಕ್ರಿ?"

ಶಾಂತಾಬಾಯಿ ಬಾಗಿಲ ಕಡೆ ನೋಡಿದರು. ಕಸ್ತೂರಿ ರೊಟ್ಟಿಯನ್ನು ಹಂಚಿಗೆ ಹಾಕಿ, ಕೈ ಝಾಡಿಸಿ, ನನ್ನ ಕಡೆ ತಿರುಗಿದಳು. "ಅವ್ವ ಸುತ್ತು ಹಾಕಿ ಹೇಳಾಕತ್ತಾಳ. ಆ ಜ್ವಾಳ ಅಂದ್ರ ನಾನ್ರಿ" ಎಂದಳು.

ಆಮೇಲೆ ತಿಳಿದದ್ದು ಇಷ್ಟು. ಕಸ್ತೂರಿಯನ್ನು ಇಂಡಿಗೆ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಹಾಲು ಹೈನ, ಆಳು ಕಾಳು ಯಾವುದಕ್ಕೂ ಕೊರತೆ ಇರಲಿಲ್ಲ. ಒಂದು ದಿನ ರೊಟ್ಟಿ ಹೊತ್ತಿತು ಎಂದು ಗಂಡ ಊದುಗೊಳವೆಯಿಂದ ಅವಳ ಬೆನ್ನಿಗೆ ಹೊಡೆದ. "ಹೊಡದದ್ದಕ್ಕ ನಾ ಬರಲಿಲ್ರಿ" ಎಂದಳು ಕಸ್ತೂರಿ. "ಅಲ್ಲಿ ಅಷ್ಟೂ ಮಂದಿ ಪಂಕ್ತಿಗಿ ಕುಂತಿದ್ರು. ಅತ್ತಿ, ಮಾವ, ಮೈದುನ. ಒಬ್ಬರರ ಉಣ್ಣೂದು ನಿಲ್ಲಸ್ತಾರೇನೋ ಅಂತ ನೋಡಿದೆ. ಒಬ್ಬರೂ ನಿಲ್ಲಸಲಿಲ್ಲ. ಮರುದಿನ ಬಸ್ಸು ಹತ್ತಿದೆ."

ಬಂದು ವರ್ಷದ ಮೇಲಾಗಿತ್ತು. ಸಿದ್ರಾಮಪ್ಪ ಮಗಳಿಗೆ ಒಂದು ಬಿರುಸು ಮಾತು ಆಡಿರಲಿಲ್ಲ. ಆದರೆ ಇಂದಲ್ಲ ನಾಳೆ ಹೋಗುತ್ತಾಳೆ ಎಂದೇ ನಂಬಿದ್ದರು. ಹೊಸ ಮನೆಯ ನಕ್ಷೆಯಲ್ಲಿ ಅವಳಿಗೊಂದು ಖೋಲಿ ಬರೆಸಿದರೆ, ಅವಳು ಇನ್ನು ಹೋಗುವುದಿಲ್ಲ ಎಂದು ತಾವೇ ಊರಿಗೆ ಡಂಗುರ ಹೊಡೆದಂತೆ. ಹಾಗಾಗಿ ಆ ಮಾತು ಎತ್ತಿದರೆ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದರು.

"ಅವರ ಬಾಯಿಲೆ ಹೇಳಸೂದು ಬ್ಯಾಡ" ಎಂದರು ಶಾಂತಾಬಾಯಿ. "ಗ್ವಾಡಿ ಏಳಲಿ. ಎದ್ದ ಗ್ವಾಡಿ ಯಾರು ಕೆಡವ್ತಾರ?"

ನಾನು ಸಿಂದಗಿಗೆ ಬಂದು ಕಾಳಿನ ಖೋಲಿಗೆ ಒಳ್ಳೆಯ ಕಿಟಕಿ ಇಟ್ಟು ನಕ್ಷೆ ಬರೆದೆ. ಸಾಹೇಬರಿಗೆ ವಿಷಯ ಹೇಳಲಿಲ್ಲ. ಅವರು ಕನ್ನಡಕ ಏರಿಸಿ ನೋಡಿದರು.

"ಸುಶೀಲಾ, ಇದೇನು? ಇಲಿಗಿ ಹಾದಿ ಮಾಡಿ ಕೊಡಾಕತ್ತೀಯೇನು?"

"ಗಾಳಿ ಬೇಕಂತ್ರಿ. ನುಸಿ ಹತ್ತತೈತಂತ."

"ಗಾಳಿಗಿ ಮ್ಯಾಲ ಸಣ್ಣ ಜಾಳಗಿ ಸಾಕು. ಸರಕಾರಿ ಗೋದಾಮಿಗಿ ಅಷ್ಟ ಇರ್ತೈತಿ" ಎಂದು ಬ್ಲೇಡು ತೆಗೆದುಕೊಂಡು ನನ್ನ ಕಿಟಕಿಯನ್ನು ಕೆರೆದೇಬಿಟ್ಟರು. ಮಾಡಿನ ಕೆಳಗೆ ಎರಡು ಗೇಣಿನ ಜಾಳಿಗೆ ಬಂತು.

ಅದನ್ನು ತೋರಿಸಿದಾಗ ಕಸ್ತೂರಿ, "ನಾ ಏನು ಪಾರಿವಾಳೇನ್ರಿ?" ಎಂದಳು. "ನಾ ಕುಂತ್ರ ಓಣಿ ಕಾಣಬೇಕು."

ಅಲ್ಲಿಂದ ಆ ಕಿಟಕಿಯನ್ನು ಕೆಳಗಿಳಿಸುವ ಕಾರ್ಯಾಚರಣೆ ಶುರುವಾಯಿತು. ಶಾಂತಾಬಾಯಿಯಂಥ ತಲೆ ಯಾವ ಇಲಾಖೆಯಲ್ಲೂ ನಾನು ಕಂಡಿಲ್ಲ. ಮೊದಲು ಗಂಡನಿಗೆ, ಜಾಳಿಗೆ ಅಷ್ಟು ಎತ್ತರ ಇದ್ದರೆ ಗುಬ್ಬಿ ಗೂಡು ಕಟ್ಟುತ್ತವೆ, ಕೈಗೆ ಎಟಕುವಂತಿರಲಿ ಎಂದರು. ಕಿಟಕಿ ಎದೆಮಟ್ಟಕ್ಕೆ ಇಳಿಯಿತು. ಆಮೇಲೆ, ಬಂಡಿಯನ್ನು ಗೋಡೆಗೆ ಹಚ್ಚಿ ನಿಲ್ಲಿಸಿ ಜೋಳದ ಚೀಲವನ್ನು ಹೊರಗಿನಿಂದ ನೇರ ಕಿಟಕಿಯಲ್ಲೇ ಒಳಗೆ ಇಳಿಸಬಹುದಲ್ಲ, ಆಳುಗಳು ಕೆಸರು ಕಾಲಲ್ಲಿ ಪಡಸಾಲೆ ತುಳಿಯುವುದು ತಪ್ಪುತ್ತದೆ ಎಂದರು. ಸಿದ್ರಾಮಪ್ಪನವರಿಗೆ ಈ ಯುಕ್ತಿ ಎಷ್ಟು ಹಿಡಿಸಿತೆಂದರೆ, ತಮ್ಮದೇ ವಿಚಾರ ಎಂಬಂತೆ ಬಂದು ಸಾಹೇಬರಿಗೆ ಹೇಳಿದರು. ಕಿಟಕಿ ಚೀಲ ಹಿಡಿಸುವಷ್ಟು ಅಗಲವಾಯಿತು, ಸೊಂಟದಿಂದ ಕೆಳಗೆ ಬಂತು. ಸರಳುಗಳನ್ನು ಬೇಕಾದಾಗ ತೆಗೆಯುವಂತೆ ಮಾಡಬೇಕು ಎಂದು ಸಾಹೇಬರು ಖುಷಿಯಿಂದ ಬೇರೆ ಹಾಳೆಯಲ್ಲಿ ಒಂದು ಚಿತ್ರವನ್ನೂ ಬರೆದರು. ಆ ಮನೆಯಲ್ಲಿ ಅವರಿಗೆ ನಿಜವಾಗಿ ಆಸಕ್ತಿ ಹುಟ್ಟಿದ್ದು ಆಗಲೇ.

ಎಲ್ಲ ಸರಿಹೋಗಿತ್ತು. ಕೆಟ್ಟದ್ದು ಚಿಲಕದಿಂದ. ಬಡಿಗನಿಗೆ ತಿಳಿಯಲೆಂದು ನಕ್ಷೆಯ ಮೂಲೆಯಲ್ಲಿ ಬಾಗಿಲುಗಳ ವಿವರ ಬರೆಯುತ್ತಿದ್ದೆವು. ಕಸ್ತೂರಿ ಕೇಳಿದ್ದಳು ಎಂದು ಕಾಳಿನ ಖೋಲಿಯ ಬಾಗಿಲಿಗೆ ಒಳಚಿಲಕ ಎಂದು ಬರೆದಿದ್ದೆ. ಸಂತೆಗೆ ಬಂದ ಸಿದ್ರಾಮಪ್ಪ ಆಫೀಸಿಗೆ ಹತ್ತಿ ಬಂದು, ಹಾಳೆಯನ್ನು ಮುಖದ ಹತ್ತಿರ ಹಿಡಿದು ಒಂದೊಂದೇ ಓದಿದರು.

"ಸಾಹೇಬ್ರ, ಕಾಳಿನ ಖೋಲಿಗಿ ಒಳಗ ಚಿಲಕ ಐತಲ್ರಿ. ಅದನ್ನ ಯಾರು ಹಾಕ್ಕೋತಾರ? ಜ್ವಾಳಾ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಬ್ಲೇಡಿನ ಮುಖ ನೋಡಿದೆ.

"ಬರಿಯೂದ್ರಾಗ ತಪ್ಪಾಗಿರಬೇಕ್ರಿ" ಎಂದರು ಸಾಹೇಬರು.

ಸಿದ್ರಾಮಪ್ಪ ಹಾಳೆ ಮಡಚಿ ಇಟ್ಟು, ಸೋಮವಾರ ಸೈಟಿನಲ್ಲಿ ಗೆರೆ ಹಾಕಲು ಬರಬೇಕು ಎಂದು ಹೇಳಿ ಹೋದರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ನಿಂತ ಮೇಲೆ ಸಾಹೇಬರು, "ಆ ಖೋಲ್ಯಾಗ ಇರಾವ್ರು ಯಾರು?" ಎಂದು ಕೇಳಿದರು.

ಹೇಳಿದೆ. ಮಂಗಳಾರತಿ ಆಯಿತು. ಸಿಟ್ಟಿನಲ್ಲಿ ಸಾಹೇಬರ ದನಿ ಏರುವುದಿಲ್ಲ, ಇಳಿಯುತ್ತದೆ. "ನಾವು ನಕ್ಷಿ ಮಾಡಾವರು. ಮಂದಿ ಸಂಸಾರ ಮಾಡಾವರಲ್ಲ. ಮನಿ ಕಟ್ಟಸಾವನಿಗೇ ಗೊತ್ತಿಲ್ದಂಗ ಅವನ ಮನ್ಯಾಗ ಖೋಲಿ ಮಾಡತೀ? ನಾಳೆ ಆ ಮನುಷ್ಯಾ ಊರಾಗ ನನ್ನ ಹೆಸರು ಹಿಡಿದು ಏನಂದಾನು?"

"ಅಕಿ ಎಲ್ಲಿ ಮಲಗಬೇಕ್ರಿ ಮತ್ತ?"

"ಅದನ್ನ ಅವಳಪ್ಪ ಹೇಳಬೇಕು. ನೀನಲ್ಲ, ನಾನಲ್ಲ. ಸೋಮವಾರ ಹೋಗೋಣು. ಗೆರಿ ಹಾಕೂಕಿಂತ ಮೊದಲ ನಾನ ಅವರಿಗೆ ಹೇಳ್ತೇನಿ. ಬ್ಯಾಡ ಅಂದ್ರ ಕಿಡಕಿ ಮುಚ್ಚಿಬಿಡು."

ನಾನು ಹಟ ಮಾಡಿದೆ, ಅವರು ಕೇಳಲಿಲ್ಲ. ಸೋಮವಾರದ ಬಸ್ಸಿನಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಆಲಮೇಲಕ್ಕೆ ಹೋದೆವು. ಶಾಂತಾಬಾಯಿಗೆ ಏನು ಹೇಳಲಿ, ಕಸ್ತೂರಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ.

ಸೈಟಿಗೆ ಹೋಗಿ ನೋಡಿದರೆ ನಮಗಿಂತ ಮೊದಲೇ ಗೋಡೆ ಕಟ್ಟುವ ಗೌಂಡಿ ಹಗ್ಗ ಹಿಡಿದು, ನಮ್ಮ ನಕ್ಷೆಯ ಪ್ರತಿ ನೋಡಿ, ಸುಣ್ಣದ ಗೆರೆ ಹಾಕಿ ಮುಗಿಸಿದ್ದ. ಬಯಲ ನೆಲದ ಮೇಲೆ ಇಡೀ ಮನೆ ಬೆಳ್ಳಗೆ ಮಲಗಿತ್ತು. ಬಾಗಿಲಿರುವಲ್ಲಿ ಗೆರೆ ತುಂಡಾಗಿತ್ತು. ಅದರ ನಡುವೆ ಜಮಖಾನೆ ಹಾಸಿಕೊಂಡು ಒಂದಿಷ್ಟು ಹೊಸ ಮುಖಗಳು ಕೂತಿದ್ದವು. ಇಂಡಿಯಿಂದ ಕಸ್ತೂರಿಯ ಗಂಡ ಬಂದಿದ್ದ, ಅವನ ಜೊತೆ ಅವನ ಕಾಕಾ, ಇನ್ನಿಬ್ಬರು ಹಿರಿಯರು. ಕಸ್ತೂರಿಯನ್ನು ಕರೆದೊಯ್ಯಲು ಬಂದವರು. ಹಳೆಯ ಮನೆಯಲ್ಲಿ ಜಾಗ ಸಾಲದೆ ಸಿದ್ರಾಮಪ್ಪ ಅವರನ್ನು ಇಲ್ಲಿಗೇ ಕರೆತಂದಿದ್ದರು. ಶಾಂತಾಬಾಯಿ ಮತ್ತು ಕಸ್ತೂರಿ ಬೇವಿನ ಗಿಡದ ಕೆಳಗೆ ನಿಂತಿದ್ದರು. ಸಾಹೇಬರಿಗೆ ತಮ್ಮ ಮಾತು ಆಡಲು ಸಮಯವೇ ಸಿಗಲಿಲ್ಲ.

ಆ ಕಾಕಾ ಬಲು ನಯದ ಮನುಷ್ಯ. ಎಲೆ ಅಡಿಕೆ ಮಡಚುತ್ತಾ, "ಗಂಡಾ ಹೆಂಡ್ತಿ ಅಂದ ಮ್ಯಾಲ ಒಂದು ಮಾತು ಬರ್ತೈತಿ, ಹೋಗ್ತೈತಿ. ಏನ್ರಿ ಬೀಗರ?" ಎಂದ. ಸಿದ್ರಾಮಪ್ಪ ತಲೆ ತಗ್ಗಿಸಿ ಕೂತಿದ್ದರು. ಗಂಡ ಎಂಬವನು ಕಾಲುಂಗುಷ್ಠದಿಂದ ಸುಣ್ಣದ ಗೆರೆ ಅಳಿಸುತ್ತಿದ್ದ. ಅವನು ಅಳಿಸುತ್ತಿದ್ದದ್ದು ದೇವರಮನೆಯ ಗೋಡೆ.

ಕಾಕಾ ನಮ್ಮ ನಕ್ಷೆಯನ್ನು ಕೈಗೆ ತೆಗೆದುಕೊಂಡು ಮೊಳಕಾಲ ಮೇಲೆ ಹರವಿದ. ಬೆರಳಿಟ್ಟು ಎಲ್ಲರಿಗೂ ಕೇಳುವಂತೆ ಓದಿದ. "ಪಡಸಾಲಿ. ದೇವರಮನಿ. ಅಡಗಿಮನಿ. ಮಗಂದು ಖೋಲಿ. ಯಜಮಾನರ ಖೋಲಿ. ಬೀಗರ ಖೋಲಿ. ಇದು ಕಾಳಿಂದು. ಚೊಲೋ ಐತಿ, ಎಲ್ಲಾ ಐತಿ. ಆದ್ರ ಬೀಗರ, ಮಗಳಿಗಿ ಇಲ್ಲಿ ಖೋಲಿ ಇಲ್ಲ. ಅಂದ್ರ ಅಕಿ ಇಲ್ಲಿ ಇರಾಕಿ ಅಲ್ಲ ಅಂತ ನೀವ ನಿರ್ಧಾರ ಮಾಡೀರಿ. ಸುಮ್ನ ಯಾಕ ಮಾತು ಬೆಳಸೂದು? ಅರಿಬಿ ಕಟ್ಟಿ ಕಳಸ್ರಿ."

ಆ ಹಾಳೆಯಲ್ಲಿ 'ಕಾಳಿನ ಖೋಲಿ' ಎಂದು ದುಂಡಗೆ ಬರೆದವಳು ನಾನೇ. ಅದೇ ಅಕ್ಷರ ಈಗ ಕಸ್ತೂರಿಯನ್ನು ಹೊರಗೆ ಹಾಕುತ್ತಿತ್ತು.

ಕಾಕಾನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಗೆದ್ದವನ ಖುಷಿಯಲ್ಲಿ ಮತ್ತೆ ಹಾಳೆ ನೋಡಿ, "ಅಲ್ರಿ, ಕಾಳಿನ ಖೋಲಿಗಿ ಇಷ್ಟು ದೊಡ್ಡ ಕಿಡಕಿ! ನಿಮ್ಮ ಜ್ವಾಳ ಕುಂತು ಹೊರಗ ನೋಡತೈತೇನು?" ಎಂದ. ಜಮಖಾನೆಯ ಮೇಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಂಡ.

ಸಿದ್ರಾಮಪ್ಪ ನಗಲಿಲ್ಲ. ಅಳಿಯನ ಮುಖವನ್ನೇ ನೋಡುತ್ತಿದ್ದರು. ಆ ನಗು ನಿಲ್ಲುವವರೆಗೂ ನೋಡಿದರು. ಆಮೇಲೆ ಮೊಳಕಾಲಿಗೆ ಕೈ ಊರಿ ಎದ್ದು, ರುಮಾಲು ಸರಿಮಾಡಿಕೊಂಡು, ಪಡಸಾಲೆ ದಾಟಿ, ಕಾಳಿನ ಖೋಲಿಯ ಸುಣ್ಣದ ಗೆರೆಗಳ ಒಳಗೆ ಹೋಗಿ ನಿಂತರು.

"ಕಸ್ತೂರಿ, ಇಲ್ಲಿ ಬಾ."

ಕಸ್ತೂರಿ ಬೇವಿನ ನೆರಳಿನಿಂದ ಹೊರಟಳು. ಅಲ್ಲಿದ್ದವರೆಲ್ಲ ಮುಂಜಾನೆಯಿಂದ ಗೆರೆಗಳನ್ನು ದಾಟಿ, ತುಳಿದು ಓಡಾಡುತ್ತಿದ್ದರು. ಅವಳು ಹಾಗೆ ಮಾಡಲಿಲ್ಲ. ತಲೆಬಾಗಿಲು ಇರುವಲ್ಲಿಂದ ಒಳಗೆ ಬಂದು, ಪಡಸಾಲೆಯಲ್ಲಿ ನಡೆದು, ಖೋಲಿಯ ಬಾಗಿಲಿಗಾಗಿ ಗೆರೆ ಬಿಟ್ಟಿದ್ದ ಜಾಗದಿಂದಲೇ ಹಾದು ಅಪ್ಪನ ಎದುರು ನಿಂತಳು.

"ಇಷ್ಟು ಸಾಕಾಗ್ತೈತೇನು ನಿನಗ?" ಎಂದರು ಸಿದ್ರಾಮಪ್ಪ.

ಅವಳು ಸುತ್ತ ನೋಡಿದಳು. ಅಳುತ್ತಾಳೆ ಎಂದು ನಾನು ಅಂದುಕೊಂಡೆ. ನನಗಂತೂ ಅಮೋನಿಯಾ ಇಲ್ಲದೆಯೇ ಕಣ್ಣು ತುಂಬಿತ್ತು.

"ಮಂಚ ಹಿಡೀತೈತಿ" ಎಂದಳು. "ಕಿಡಕಿ ಇನ್ನ ಜರಾ ತೆಳಗ ಬರಬೇಕು."

"ಸಾಹೇಬ್ರ, ಬರಕೋರಿ" ಎಂದರು ಸಿದ್ರಾಮಪ್ಪ. "ಕಿಡಕಿ ಜರಾ ತೆಳಗ. ಆ ಒಳಚಿಲಕ ಹೊಡದು ಹಾಕಿದ್ರೇನು? ಮತ್ತ ಬರೀರಿ."

ಜಮಖಾನೆಯ ಮೇಲೆ ಗದ್ದಲ ಎದ್ದಿತು. ಕಾಕಾ ಎದ್ದು ನಿಂತ. ನಯ ಎಲ್ಲ ಹೋಗಿತ್ತು. "ಏನ್ರಿ, ಕರಿಯಾಕ ಬಂದ ಬೀಗರಿಗಿ ಹಿಂಗ ಮರ್ಯಾದಿ ತಗೀತೀರೇನು? ನಾ ಯಾರಂತ ತಿಳದೀರಿ? ನಾ ಎಲ್ಲಿ ನಿಂತು ಮಾತಾಡಾಕತ್ತೇನಿ ಅಂತರ ಗೊತ್ತೈತೇನು ನಿಮಗ?"

ನಮ್ಮ ಸಾಹೇಬರು, ಮಂದಿಯ ಸಂಸಾರ ನಮಗೆ ಬೇಡ ಎಂದು ನನಗೆ ಬೈದ ಅದೇ ಮೈಬೂಬಸಾಹೇಬರು, ಕನ್ನಡಕ ಏರಿಸಿ ನಕ್ಷೆ ನೋಡಿ, ನೆಲ ನೋಡಿ, ಬಲು ಗಂಭೀರವಾಗಿ, "ನೀವು ನಿಂತದ್ದು ಬಚ್ಚಲದಾಗ್ರಿ" ಎಂದರು.

ಗೌಂಡಿ ಹಗ್ಗ ಕೆಳಗೆ ಹಾಕಿ ನಕ್ಕ. ಶಾಂತಾಬಾಯಿ ಸೆರಗು ಬಾಯಿಗೆ ತುರುಕಿಕೊಂಡರು. ಇಂಡಿಯವರು ಚಹಾ ಕುಡಿಯದೆ ಹೊರಟುಹೋದರು. ಜಮಖಾನೆ ನಮ್ಮದೇ ಇತ್ತು, ಅದರ ಮೇಲೆ ನಾವೇ ಕೂತು ಅವರ ಪಾಲಿನ ಚಹಾವನ್ನೂ ಕುಡಿದೆವು.

ಆಗ ಸಾಹೇಬರು ಕೇಳಿದರು, "ನಿಮಗ ಮೊದಲ ಗೊತ್ತಿತ್ತೇನ್ರಿ?"

"ಜ್ವಾಳಕ್ಕ ಕಲ್ಲ ಹಾಸಿಗಿ, ಗೂಡು, ಗೂಟ ಅಂತ ಕೇಳಿದಾಗ ಯಾಂವಗ ತಿಳಿಯಂಗಿಲ್ರಿ?" ಎಂದರು ಸಿದ್ರಾಮಪ್ಪ. "ತಿಳಿದೂ ಸುಮ್ಮನಿದ್ದೆ. ಖೋಲಿ ಕಟ್ಟೂದ್ರಾಗ ಅಕಿನ ಮನಸು ಬದಲ ಮಾಡ್ಯಾಳು, ಹೋದಾಳು ಅಂತ ಆಸೆ ಇತ್ತು. ಇವತ್ತು ಆ ಹುಡುಗ ನಕ್ಕದ್ದು ನೋಡಿ ಆಸೆ ಹೋತು." ಬಸಿಯಲ್ಲಿದ್ದ ಚಹಾ ಅವರ ಕೈಯಲ್ಲೇ ಆರುತ್ತಿತ್ತು. ಅವರು ಗೆದ್ದ ಮನುಷ್ಯನಂತೆ ಕಾಣಲಿಲ್ಲ. ಮಗಳ ಸಂಸಾರ ಮುಗಿಯಿತು ಎಂದು ಒಪ್ಪಿಕೊಂಡ ಅಪ್ಪನ ಮುಖ ಅದು. ನನಗೆ ಆಗ ಇನ್ನೂ ಚಿಕ್ಕ ವಯಸ್ಸು, ನಗುವುದೊಂದೇ ಗೊತ್ತಿತ್ತು. ಆ ಮುಖ ನೋಡ ನೋಡುತ್ತ ನಗು ತಾನಾಗಿ ನಿಂತಿತು.

ಮನೆ ಎದ್ದಿತು. ಕಸ್ತೂರಿ ಆ ಖೋಲಿಯಲ್ಲಿ ಇದ್ದಳು. ಇದ್ದಳು ಅಂದರೆ ಕಿಟಕಿಯಲ್ಲಿ ಕೂತು ಓಣಿ ನೋಡುತ್ತಾ ಇದ್ದಳು ಎಂದಲ್ಲ. ಹೊಳೆ ದಂಡೆಯಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನು ದಿನ ಬಿಟ್ಟು ದಿನ ಕೈಕೊಡುತ್ತಿತ್ತು, ಸಿಂದಗಿಯಿಂದ ಮಿಸ್ತ್ರಿ ಬರುವವರೆಗೆ ಕಬ್ಬು ಒಣಗುತ್ತಿತ್ತು. ಎರಡು ಸಲ ಮಿಸ್ತ್ರಿಯ ಪಕ್ಕದಲ್ಲಿ ಕೂತು ನೋಡಿದಳು, ಮೂರನೆಯ ಸಲ ತಾನೇ ಬಿಚ್ಚಿದಳು. ನಾನು ಒಮ್ಮೆ ಹೋದಾಗ ಅವಳ ಖೋಲಿಯ ಗೂಡಿನಲ್ಲಿ ಕನ್ನಡಿಯೂ ಇತ್ತು, ಅದರ ಪಕ್ಕ ಪಿಸ್ಟನ್ ಉಂಗುರಗಳೂ ಇದ್ದವು. ಸೀರೆಗೆ ಡೀಸೆಲ್ ವಾಸನೆ. "ಸುಶೀಲಾ, ಈ ಗೂಡು ಸಣ್ಣದಾತು ನೋಡ" ಎಂದು ಅದಕ್ಕೂ ತಕರಾರು ತೆಗೆದಳು. ಗಿರಾಕಿಗಳಿಗೆ ತೃಪ್ತಿ ಎಂಬುದು ಇರುವುದಿಲ್ಲ, ಈ ಕೆಲಸಕ್ಕೆ ಬರುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಎಲ್ಲ ಸರಿಯಾಯಿತು ಎಂದು ಹೇಳಲಾರೆ. ಗಂಡನನ್ನು ಬಿಟ್ಟ ಮೇಲೂ ಕಸ್ತೂರಿಯ ಕೊರಳಲ್ಲಿ ತಾಳಿ ಇರಬೇಕೋ ಬೇಡವೋ ಎಂಬುದು ಊರಲ್ಲಿ ಬಹಳ ದಿನ ಮಾತಾಯಿತು. ಮಗನ ಹೆಂಡತಿ ಕೆಲವು ತಿಂಗಳು ಮುಖ ಊದಿಸಿಕೊಂಡಿದ್ದಳು. ಮತ್ತು ಅಷ್ಟೆಲ್ಲ ತಿದ್ದಿ ತೀಡಿದ ಆ ಮನೆಯಲ್ಲಿ ಜೋಳಕ್ಕೆ ಜಾಗವೇ ಉಳಿಯಲಿಲ್ಲ. ಚೀಲಗಳನ್ನು ಪಡಸಾಲೆಯಲ್ಲಿ ಒಟ್ಟಿದರು. ಬಂದ ಬೀಗರು ಕುರ್ಚಿಯ ಬದಲು ಜೋಳದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

ಕೊನೆಗೆ ಒಂದು ದಿನ ಸಿದ್ರಾಮಪ್ಪ ಮತ್ತೆ ನಮ್ಮ ಆಫೀಸಿನ ಮೆಟ್ಟಿಲು ಹತ್ತಿದರು. ಹಿಂಬದಿಗೆ ಒಂದು ಖೋಲಿ ಹೆಚ್ಚು ಮಾಡಬೇಕು, ಖರೇನ ಕಾಳಿಗೇ ಎಂದು ಒತ್ತಿ ಹೇಳಿದರು. ಮಗನಿಗೆ ಅಷ್ಟರಲ್ಲಿ ಇಬ್ಬರು ಹೆಣ್ಣುಮಕ್ಕಳಾಗಿದ್ದರು, ಮನೆ ತುಂಬಿತ್ತು. ಸಾಹೇಬರು ಅವರ ಎದುರಿಗೇ ಪೆನ್ಸಿಲಿನಲ್ಲಿ ನಾಲ್ಕು ಗೋಡೆ ಎಳೆದು, ಒಂದು ಬಾಗಿಲು ಇಟ್ಟು, ಮಾಡಿನ ಕೆಳಗೆ ಎರಡು ಗೇಣಿನ ಜಾಳಿಗೆ ಬರೆದು ತೋರಿಸಿದರು.

ಸಿದ್ರಾಮಪ್ಪ ನಾಲ್ಕೂ ಗೋಡೆಯ ಮೇಲೆ ಬೆರಳು ಓಡಿಸಿದರು.

"ಕಿಡಕಿ ಎಲ್ಲೈತ್ರಿ?"

"ಖರೇ ಜ್ವಾಳಕ್ಕ ಯಾಕ್ರಿ ಕಿಡಕಿ?" ಎಂದರು ಸಾಹೇಬರು.

"ಇಡ್ರಿ" ಎಂದರು ಸಿದ್ರಾಮಪ್ಪ. "ಎರಡು ಮೊಮ್ಮಕ್ಕಳು ಹೆಣ್ಣ ಅದಾವ. ನಾಳೆ ಯಾರು ಬಸ್ ಹತ್ತಿ ಬರ್ತಾರೋ, ನಾ ಇರ್ತೇನೋ ಇಲ್ಲೋ."